ಡ್ರಾಫ್ಟ್ ಬರುವವರೆಗೆ

ಮಂಗಳೂರಿನಿಂದ ಉತ್ತರಕ್ಕೆ ಹೊರಟ ಸಿಟಿ ಬಸ್ಸು ಕೂಳೂರು ಸೇತುವೆ ದಾಟಿ, ಪಣಂಬೂರು, ಬೈಕಂಪಾಡಿ ಹಿಂದೆ ಹಾಕಿ, ಸುರತ್ಕಲ್‌ನಲ್ಲಿ ಬಲಕ್ಕೆ ತಿರುಗಿ ಕಾಟಿಪಳ್ಳದ ಏರು ಹತ್ತುತ್ತದೆ. ಅಲ್ಲಿಂದ ಮುಂದೆ ಇಳಿಯುವವರು ಹೇಳುವುದು ನಂಬರು: ಎರಡನೇ ಬ್ಲಾಕ್, ಮೂರನೇ ಬ್ಲಾಕ್, ಕೃಷ್ಣಾಪುರ ಏಳನೇ ಬ್ಲಾಕ್. ತುಳುನಾಡಿನಲ್ಲಿ ಮನೆಗೊಂದು ಹೆಸರು, ಗದ್ದೆಗೊಂದು ಹೆಸರು, ಗದ್ದೆಯ ಮೂಲೆಯ ಮರಕ್ಕೂ ಒಂದು ಹೆಸರು ಇರುವುದು ರೂಢಿ. ಇಲ್ಲಿ ಮಾತ್ರ ಊರು ಅಂಕೆಗಳಲ್ಲಿ ನಿಂತಿದೆ.

ಅದಕ್ಕೆ ಕಾರಣ ಬಸ್ಸು ಬಂದ ದಾರಿಯಲ್ಲೇ ಇದೆ. ಪಣಂಬೂರಿನಲ್ಲಿ ನೆಲ ಅಗೆದು, ಕಡಲನ್ನು ಒಳಗೆ ಕರೆದು ಬಂದರು ಕಟ್ಟುವ ಕೆಲಸ 1962ರಲ್ಲಿ ಶುರುವಾಯಿತು. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೇ ಮಹಾಬಂದರು ಎಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮರುವರ್ಷ ಎಂಸಿಎಫ್ ಗೊಬ್ಬರದ ಕಾರ್ಖಾನೆ, 1996ರಲ್ಲಿ ಆಚೆ ಬದಿಯ ಗುಡ್ಡದಲ್ಲಿ ಎಂಆರ್‌ಪಿಎಲ್ ತೈಲಾಗಾರ. ಕಡಲ ಬದಿಯ ಗದ್ದೆ, ತೋಟ, ಮನೆ ಬಿಟ್ಟು ಎದ್ದವರಿಗೆ ಸರಕಾರ ಗುಡ್ಡದ ಮೇಲೆ ನಿವೇಶನ ಅಳೆದು ಕೊಟ್ಟಿತು. ಅಳೆದ ಗೆರೆಗಳೇ ಬ್ಲಾಕುಗಳಾದವು.

ಹೀಗೆ ಕಾಟಿಪಳ್ಳ ಎರಡು ವಲಸೆಗಳ ಊರು. ಮೊದಲನೆಯದು ಕೆಲವೇ ಕಿಲೋಮೀಟರಿನದು, ಕಡಲಿನಿಂದ ಗುಡ್ಡಕ್ಕೆ. ಎರಡನೆಯದು ಗುಡ್ಡದಿಂದ ಕಡಲಾಚೆಗೆ, ದುಬೈ, ದಮಾಮ್, ಕುವೈತ್‌ಗೆ. ಎರಡನ್ನೂ ಬರೆಯುವಾಗ ನಾವು ಹೋದವರ ಕಥೆ ಬರೆಯುತ್ತೇವೆ. ಅವರು ಕಳಿಸುವ ಒಂದು ಡ್ರಾಫ್ಟಿನಿಂದ ಇನ್ನೊಂದು ಡ್ರಾಫ್ಟಿನವರೆಗೆ ಮನೆ ನಡೆಸಿದವರ ಲೆಕ್ಕವನ್ನು ಇಲ್ಲಿ ಕೇಳಿದವರು ಕಡಿಮೆ.

ಗದ್ದೆ ಹೋದಾಗ ಏನೇನು ಹೋಯಿತು

ಜಮೀನಿಗೆ ಪರಿಹಾರ ಬರುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಆದರೆ ಕಡಲ ಬದಿಯ ಮನೆಯಲ್ಲಿ ಹೆಂಗಸರ ಕೈಗೆ ಕಾಸು ತರುತ್ತಿದ್ದ ಎಷ್ಟೋ ಸಂಗತಿಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ. ಹೆಣೆದ ಮಡಲು, ಹಿತ್ತಿಲಿನ ಬಸಳೆ ಚಪ್ಪರ, ಕೋಳಿ, ಒಂದು ದನ, ದೋಣಿ ದಡಕ್ಕೆ ಬಂದ ಹೊತ್ತಿಗೆ ಬುಟ್ಟಿ ತುಂಬಿಕೊಂಡು ಮನೆ ಮನೆಗೆ ಹೊತ್ತ ಮೀನು. ಗುಡ್ಡದ ಮುರಕಲ್ಲಿನ ಮೇಲೆ ಐದು ಸೆಂಟ್ಸ್ ಹತ್ತು ಸೆಂಟ್ಸ್ ಜಾಗದಲ್ಲಿ ಇವು ಯಾವುವೂ ಮೊದಲಿನಂತೆ ಚಿಗುರಲಿಲ್ಲ. ಸರಕಾರಿ ಲೆಕ್ಕದಲ್ಲಿ ಎದ್ದದ್ದು ಕುಟುಂಬ. ಮನೆಯ ಲೆಕ್ಕದಲ್ಲಿ ಹೆಂಗಸಿನ ಸ್ವಂತ ಆದಾಯವೂ ಜತೆಗೆ ಎದ್ದುಹೋಗಿತ್ತು.

ಈ ಕರಾವಳಿಯಲ್ಲಿ ಇದು ಇನ್ನೊಂದು ಕಾರಣಕ್ಕೆ ಗಮನಿಸಬೇಕಾದ ವಿಷಯ. ಬಂಟ, ಬಿಲ್ಲವ, ಮೊಗವೀರ ಮನೆಗಳಲ್ಲಿ ಅಳಿಯಸಂತಾನ ಕಟ್ಟಿನ ಪ್ರಕಾರ ಆಸ್ತಿ ಸಾಗುತ್ತಿದ್ದದ್ದು ತಾಯಿಯ ವಂಶದಲ್ಲಿ. ಯಜಮಾನಿಕೆ ಸೋದರಮಾವನದ್ದೇ ಆದರೂ ನೆಲಕ್ಕೆ ಹೆಣ್ಣಿನ ಸಂಬಂಧವಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಆ ಕಟ್ಟು ಸಡಿಲವಾಗುತ್ತ ಬಂತು. ಕೂಡುಕುಟುಂಬದ ಮನೆ ಒಡೆದು ಗಂಡ-ಹೆಂಡತಿಯ ಸಣ್ಣ ಮನೆಗಳಾಗುತ್ತಿದ್ದ ಕಾಲದಲ್ಲೇ ಬಂದರು ಬಂತು. ಹೊಸ ನಿವೇಶನ, ಹೊಸ ಮನೆ, ಹೊಸ ಕಾಗದ. ಹೊಸ ಕಾಗದದಲ್ಲಿ ಯಾರ ಹೆಸರು ಎಂಬ ಪ್ರಶ್ನೆಗೆ ಆಗ ಯಾರಿಗೂ ಪುರುಸೊತ್ತಿರಲಿಲ್ಲ.

ಮೊದಲ ಬಂಡವಾಳ ಎಂಟು ಗ್ರಾಮಿನದು

ದಕ್ಷಿಣ ಕನ್ನಡಕ್ಕೆ ದೂರ ಹೋಗುವುದು ಹೊಸತಲ್ಲ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಅಲ್ಲಿನ ಹೋಟೆಲು, ಗಿರಣಿ, ಬಂದರುಗಳಿಂದ ಬರುತ್ತಿದ್ದ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದ ಅಜ್ಜಿಯರು ಎಲ್ಲ ಜಾತಿ ಮತಗಳಲ್ಲೂ ಇದ್ದರು. 1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿ ದೇಶಗಳು ಕಟ್ಟಡ, ರಸ್ತೆ, ಬಂದರು ಕಟ್ಟಲು ಹೊರಟಾಗ ಮುಂಬಯಿಗೆ ಹೋಗುತ್ತಿದ್ದ ದಾರಿ ಅಲ್ಲಿಂದ ಮುಂದಕ್ಕೆ ಚಾಚಿತು. ಆಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಕೊಲ್ಲಿಗೆ ನೇರ ವಿಮಾನವಿಲ್ಲ, ಕೊಂಕಣ ರೈಲೂ ಇಲ್ಲ. ಬಸ್ಸಿನಲ್ಲಿ ಮುಂಬಯಿ; ಏಜೆಂಟರ ಕಚೇರಿಯ ಮುಂದೆ ಕಾಯುವಿಕೆ; ಆಮೇಲೆ ವಿಮಾನ, ಇಲ್ಲವೇ ಕರಾಚಿಯ ಮೇಲಿಂದ ಕೊಲ್ಲಿಯ ಬಂದರುಗಳಿಗೆ ಹೋಗುತ್ತಿದ್ದ 'ದ್ವಾರಕಾ' ಹಡಗು. ಆ ಹಡಗು 1982ರವರೆಗೂ ಓಡಿತು.

ವೀಸಾಕ್ಕೆ, ಟಿಕೆಟ್ಟಿಗೆ, ಏಜೆಂಟನಿಗೆ ಹಣ ಎಲ್ಲಿಂದ? ಬ್ಯಾಂಕಿನವರು ಕೆಲಸವಿಲ್ಲದ ಹುಡುಗನಿಗೆ ಸಾಲ ಕೊಡುವವರಲ್ಲ. ಕೊಟ್ಟದ್ದು ಮನೆಯ ಹೆಂಗಸರು. ಹೆಂಡತಿಯ ಬಳೆ, ತಾಯಿಯ ಸರ, ಮದುವೆಗೆಂದು ತೆಗೆದಿಟ್ಟ ತಂಗಿಯ ನಾಲ್ಕು ಪವನು. ಒಂದು ಪವನು ಎಂದರೆ ಎಂಟು ಗ್ರಾಂ. ಅಡವು ಇಡುವುದಕ್ಕೆ ಸಹಕಾರಿ ಸಂಘ, ಬ್ಯಾಂಕು ಇಲ್ಲಿ ಸಾಲುಸಾಲಾಗಿ ಇದ್ದವು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ನಾಟಕ, ಈ ಐದೂ ಬ್ಯಾಂಕುಗಳು ಹುಟ್ಟಿದ್ದು ಇದೇ ನೆಲದಲ್ಲಿ, 1906ರಿಂದ 1931ರ ನಡುವೆ.

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳಿದರೆ ಗಲ್ಫ್ ಎಂಬ ಉದ್ಯಮದ ಮೊದಲ ಹೂಡಿಕೆದಾರಳು ಮನೆಯ ಹೆಣ್ಣು. ಸೋತರೆ ಚಿನ್ನ ಹೋಯಿತು. ಗೆದ್ದರೆ? ಅಡವು ಬಿಡಿಸಿ ಕೊಟ್ಟರೆ ಅದೇ ದೊಡ್ಡ ಉಪಕಾರ. ಆಕೆಯ ಹಣದಿಂದ ಶುರುವಾದ ಸಂಪಾದನೆಯಲ್ಲಿ ಆಕೆಗೆ ಪಾಲಿದೆ ಎಂದು ಯಾರೂ ಬರೆದಿಡಲಿಲ್ಲ. ಇಂದಿಗೂ ಈ ಲೆಕ್ಕ ಬದಲಾಗಿಲ್ಲ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯಬಾರದು ಎಂದು ನಿಯಮವಿದೆ. ವೀಸಾ ಕೊಳ್ಳಲು ಹೋದವರು ಆ ಮೊತ್ತದ ಎಷ್ಟು ಪಟ್ಟು ಕೊಟ್ಟರು ಎಂಬುದನ್ನು ಮನೆಯ ಬೋಳು ಕೈಗಳೇ ಹೇಳುತ್ತವೆ.

ತಡ್ಪೆಯ ಮೇಲಿನ ಸಂಬಳ

'ಡ್ರಾಫ್ಟ್ ಬರ್ಲಿ, ಕೊಡ್ತೇನೆ.' ಎಂಬತ್ತು ತೊಂಬತ್ತರ ದಶಕದಲ್ಲಿ ಕರಾವಳಿಯ ದಿನಸಿ ಅಂಗಡಿಗಳಲ್ಲಿ ಈ ಮಾತು ಕೇಳದ ದಿನವಿರಲಿಲ್ಲ. ಡ್ರಾಫ್ಟ್ ಎಂದರೆ ಬ್ಯಾಂಕಿನ ಡಿಮಾಂಡ್ ಡ್ರಾಫ್ಟ್. ಅಲ್ಲಿ ಸಂಬಳ ಸಿಕ್ಕಿ, ರಜೆಯ ದಿನ ಎಕ್ಸ್‌ಚೇಂಜಿನಲ್ಲಿ ಸಾಲು ನಿಂತು, ರಿಜಿಸ್ಟರ್ಡ್ ಅಂಚೆಯಲ್ಲಿ ಬಂದು, ಇಲ್ಲಿ ಖಾತೆಗೆ ಜಮೆಯಾಗುವಷ್ಟರಲ್ಲಿ ವಾರಗಳು ಉರುಳುತ್ತಿದ್ದವು. ಕಂಪೆನಿ ಸಂಬಳ ತಡಮಾಡಿದರೆ ತಿಂಗಳುಗಳು. ಹೋದ ಹೊಸತರಲ್ಲಿ ಮೊದಲ ಡ್ರಾಫ್ಟಿಗೆ ಆರು ತಿಂಗಳು ಕಾದವರೂ ಉಂಟು.

ಆ ನಡುವಿನ ದಿನಗಳಿಗೆ ಅಕ್ಕಿ ತಂದದ್ದು ಬೀಡಿ. ಗಣೇಶ್, ಭಾರತ್, ಪಿವಿಎಸ್ ಮುಂತಾದ ಹೆಸರುಗಳು ಇಲ್ಲಿ ಮನೆಮಾತಾದದ್ದು ಸೇದುವವರಿಂದಲ್ಲ, ಕಟ್ಟುವವರಿಂದ. ಬೀಡಿ ಕಂಪೆನಿಯ ಬ್ರಾಂಚಿನಿಂದ ತೂಗಿ ತಂದ ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆ ಎನ್ನುವ ಮೊರವನ್ನು ಮಡಿಲಲ್ಲಿಟ್ಟು, ಎಲೆಗೆ ಚಿಟಿಕೆ ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯಬೇಕು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬೆಳಗ್ಗೆ ಗಂಜಿ ಒಲೆಯ ಮೇಲಿಟ್ಟು ಕೂತರೆ, ನಡುವೆ ಮಕ್ಕಳು, ದನ, ಅತ್ತೆಯ ಮದ್ದು ಎಲ್ಲ ನೋಡಿಕೊಂಡು ಸಂಜೆಗೆ ಏಳುನೂರು ಎಂಟುನೂರು ಮುಗಿಸುವ ಕೈ ಚುರುಕು ಕೈ. ಶಾಲೆಯಿಂದ ಬಂದ ಮಗಳು ಬಾಯಿ ಮಡಚಲು ಕೂರುತ್ತಿದ್ದಳು. ಬ್ಯಾರಿ, ಬಿಲ್ಲವ, ಕ್ರೈಸ್ತ, ಕೊರಗ, ಕುಲಾಲ ಎಂಬ ಭೇದವಿಲ್ಲದೆ ಮನೆಯ ಜಗಲಿಗಳಲ್ಲಿ ಒಂದೇ ಸದ್ದು, ಕತ್ತರಿಯದ್ದು.

ಬೀಡಿಯ ಹಿರಿಮೆ ಅದರ ಮೊತ್ತದಲ್ಲಿರಲಿಲ್ಲ. ಅದು ವಾರ ವಾರ ಬರುತ್ತಿತ್ತು, ಮತ್ತು ಬರುತ್ತಿದ್ದದ್ದು ಹೆಂಗಸಿನ ಹೆಸರಿಗೆ. ಬ್ರಾಂಚಿನ ಪುಸ್ತಕದಲ್ಲಿ ಆಕೆಗೊಂದು ಖಾತೆಯಿದೆ ಎಂದರೆ ಅಂಗಡಿಯವ ಧೈರ್ಯವಾಗಿ ಕಡ ಕೊಡುತ್ತಿದ್ದ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದೇ ಗುರುತಿಸಿತು. 1976ರ ಕಲ್ಯಾಣ ನಿಧಿ ಕಾಯಿದೆಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನ, ಆಸ್ಪತ್ರೆ ಸೌಲಭ್ಯ ಬಂದವು. ಮನೆಯೊಳಗಿನ ಎಷ್ಟೋ ಹೆಂಗಸರ ಮಟ್ಟಿಗೆ 'ನನ್ನದು' ಎನ್ನಬಹುದಾದ ಮೊದಲ ಸರಕಾರಿ ಗುರುತು ಬೀಡಿ ಕಾರ್ಡು, ಮೊದಲ ಉಳಿತಾಯ ಪಿಎಫ್.

ಇದನ್ನು ಸುಂದರವಾಗಿ ಬಣ್ಣಿಸಿ ಬಿಟ್ಟುಬಿಡುವಂತಿಲ್ಲ. ಹೊಗೆಸೊಪ್ಪಿನ ಧೂಳಿನ ಕೆಮ್ಮು, ಬಗ್ಗಿ ಕೂತ ಬೆನ್ನು, ಸವೆದ ಬೆರಳ ತುದಿ ಇವೂ ಆ ಮಜೂರಿಯ ಜತೆ ಬಂದವು. ಎಲೆ ಕಡಿಮೆ ಬಿದ್ದರೆ ಸ್ವಂತ ಹಣದಿಂದ ಕೊಂಡು ಲೆಕ್ಕ ಭರ್ತಿ ಮಾಡಬೇಕು. ಕಟ್ಟು ಚೆನ್ನಾಗಿಲ್ಲ ಎಂದು ಪಕ್ಕಕ್ಕೆ ಸರಿಸಿದ ಬೀಡಿಗೆ ಕಾಸಿಲ್ಲ. ಹೊಸ ತಲೆಮಾರಿನವರು ಸೇದುವುದು ಕಡಿಮೆಯಾದಂತೆ ಕೆಲಸದ ದಿನಗಳೂ ಕಡಿಮೆಯಾಗಿವೆ. ಆರೋಗ್ಯದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಮನೆಯ ಒಳಗೇ ಕೂತು ವಾರಕ್ಕೊಮ್ಮೆ ತನ್ನ ಕೈಗೆ ಬರುವ ಹಣಕ್ಕೆ ಬದಲಿ ಇನ್ನೂ ಸಿಕ್ಕಿಲ್ಲ.

ಆ ವಾರದ ಹಣವನ್ನೂ ಪೂರ್ತಿ ಖರ್ಚು ಮಾಡದ ಜಾಣತನ ಈ ಊರಿನದು. ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸನ್ನು ಒಟ್ಟುಮಾಡುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ ಶುರುಮಾಡಿದ್ದು 1928ರಲ್ಲಿ, ದಿನಕ್ಕೆ ಎರಡಾಣೆಯಿಂದ. ಆಮೇಲೆ ಚೀಟಿ, ಅದರ ಮೇಲೆ ಸ್ವಸಹಾಯ ಸಂಘ. ಡ್ರಾಫ್ಟ್ ತಡವಾದ ತಿಂಗಳು ಮಗನ ಫೀಸು ಹೋದದ್ದು ಈ ಸಣ್ಣ ಡಬ್ಬಗಳಿಂದ.

ಡ್ರಾಫ್ಟ್ ಬಂದ ದಿನ

ಬಂದ ಡ್ರಾಫ್ಟಿಗೆ ಮೊದಲೇ ಹತ್ತು ಬಾಯಿಗಳು ಕಾದಿರುತ್ತಿದ್ದವು. ಅಂಗಡಿ ಬಾಕಿ, ವೀಸಾ ಸಾಲ, ಅಡವಿನ ಬಡ್ಡಿ, ನಾದಿನಿಯ ಮದುವೆ, ಆಮೇಲೆ ತಾರಸಿ. ಯಾವುದನ್ನು ಈ ಸಲ, ಯಾವುದನ್ನು ಮುಂದಿನ ಸಲ ಎಂದು ಹೊಂದಿಸುವುದು ಮನೆಯಲ್ಲಿದ್ದವಳ ತಲೆನೋವು. ಪತ್ರ ಹೋಗಿ ಉತ್ತರ ಬರಲು ಇಪ್ಪತ್ತು ದಿನ ಬೇಕಾದ ಕಾಲದಲ್ಲಿ ಕೇಳಿ ಮಾಡುವಂತಿರಲಿಲ್ಲ. ಮಾಡಿ ಹೇಳಬೇಕಿತ್ತು. ಮೇಸ್ತ್ರಿಯ ಜತೆ ಮಾತು, ಮುರಕಲ್ಲಿನ ಲೋಡಿನ ಎಣಿಕೆ, ಬ್ಯಾಂಕಿನ ಚಲನ್, ಕರೆಂಟ್ ಆಫೀಸಿನ ಅರ್ಜಿ, ಎಲ್ಲವನ್ನೂ ಏಳನೇ ಕ್ಲಾಸು ಓದಿದ ಹೆಣ್ಣುಮಗಳು ಕಲಿತಳು.

ಕೇರಳದಲ್ಲಿ ಇದನ್ನು ಹತ್ತಿರದಿಂದ ನೋಡಿದವರು ಸಂಶೋಧಕಿ ಲೀಲಾ ಗುಲಾಟಿ. ಗಂಡಂದಿರು ಕೊಲ್ಲಿಗೆ ಹೋದ ಮನೆಗಳ ಹೆಂಗಸರನ್ನು ಕುರಿತ ಅವರ ಪುಸ್ತಕ 1993ರಲ್ಲಿ ಬಂತು. ಗಂಡ ಹೋದ ಮೇಲೆ ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದವರು, ಒಬ್ಬರೇ ಪೇಟೆಗೆ ಹೋದವರು ಅದರಲ್ಲಿದ್ದಾರೆ. ಚಂದ್ರಗಿರಿ ಹೊಳೆಯ ಈಚೆ, ನಮ್ಮ ತುಳುನಾಡಿನಲ್ಲೂ ಕಥೆ ಬೇರೆಯಲ್ಲ. ಕಾಟಿಪಳ್ಳದಲ್ಲಿ ಒಂದು ವ್ಯತ್ಯಾಸ ಏನೆಂದರೆ, ಇಲ್ಲಿನ ಹೆಂಗಸರು ಬ್ಯಾಂಕಿಗೆ ಹೋಗುವ ಮೊದಲೇ ಬ್ರಾಂಚಿಗೆ ಹೋಗಿ ಬಂದವರು. ಲೆಕ್ಕ ಕೇಳುವ ಅಭ್ಯಾಸ ಅವರಿಗೆ ಬೀಡಿಯಿಂದಲೇ ಇತ್ತು.

ಆ ಸ್ವಾತಂತ್ರ್ಯಕ್ಕೆ ಮಿತಿಯೂ ಇತ್ತು. ಅತ್ತೆಯಿದ್ದ ಮನೆಯಲ್ಲಿ ಡ್ರಾಫ್ಟ್ ಅತ್ತೆಯ ಹೆಸರಿಗೋ ಮೈದುನನ ಹೆಸರಿಗೋ ಬರುತ್ತಿತ್ತು. ಸೊಸೆ ಸೋಪಿಗೂ ಕೈಚಾಚಬೇಕಿತ್ತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯ ಗಂಡ. ಮೂವತ್ತು ವರ್ಷದ ದಾಂಪತ್ಯದಲ್ಲಿ ಕೂಡಿ ಕಳೆದದ್ದು ಮೂರು ವರ್ಷವೂ ಆಗದು. ಒಬ್ಬಳೇ ಪೇಟೆಗೆ ಹೋದರೆ ಕೇರಿ ನೋಡುತ್ತಿತ್ತು, ಹೋಗದಿದ್ದರೆ ಮನೆ ನಡೆಯುತ್ತಿರಲಿಲ್ಲ.

ಡ್ರಾಫ್ಟ್ ನಿಂತ ದಿನ

1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಊರಿನಲ್ಲಿ ಊಟ ಹಾಕಿದ್ದು ತಡ್ಪೆ. 2013ರಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಸೌದಿಯ ನಿತಾಕತ್ ನಿಯಮ ಬಿಗಿಯಾಯಿತು. 2017ರ ಜುಲೈಯಿಂದ ಅಲ್ಲಿ ಜತೆಗಿದ್ದ ಹೆಂಡತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಿತ್ತು, ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಸಂಸಾರ ಕಟ್ಟಿಕೊಂಡು ಹೋಗಿದ್ದವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಅರಬಿ ದೇಶದ ಶಾಲೆಯಲ್ಲಿ ಓದುತ್ತಿದ್ದ ಮಕ್ಕಳಿಗೆ ಇಲ್ಲಿ ಕನ್ನಡ ಅಕ್ಷರ ತಿದ್ದಿಸಿದವರು ತಾಯಂದಿರು. 2020ರ ಮೇಯಲ್ಲಿ ಕೊರೊನಾ ಕಾಲದ ವಂದೇ ಭಾರತ್ ವಿಮಾನಗಳು ಬಜ್ಪೆಯಲ್ಲಿ ಇಳಿದಾಗ ಗರ್ಭಿಣಿಯರು, ಕೆಲಸ ಹೋದವರು ಬಂದಿಳಿದರು.

ಇವೆಲ್ಲಕ್ಕಿಂತ ಹೆಚ್ಚಾಗಿ ಈ ಊರಿನ ಸುತ್ತಮುತ್ತ ಯಾರೂ ಮರೆಯದ ದಿನ 2010ರ ಮೇ 22. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕೆಂಜಾರಿನ ಕಣಿವೆಗೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಗುರುತು ಸಿಗದ ಹನ್ನೆರಡು ದೇಹಗಳು ಕೂಳೂರಿನ ಬಳಿ ಫಲ್ಗುಣಿ ಹೊಳೆಯ ಬದಿಯಲ್ಲಿ ಮಣ್ಣಾದವು. ಕಾಟಿಪಳ್ಳದ ಬಸ್ಸು ದಾಟುವುದು ಅದೇ ಹೊಳೆಯನ್ನು.

ದುಃಖದ ಬೆನ್ನಿಗೇ ಕಾಗದದ ಪ್ರಶ್ನೆ ಬಂತು. ಇಂಥ ಸಾವಿನ ಪರಿಹಾರ ನಿಲ್ಲುವುದು ಬಹುಮಟ್ಟಿಗೆ ಸತ್ತವರ ಸಂಬಳದ ದಾಖಲೆಯ ಮೇಲೆ. ಆ ವಿಮಾನದಲ್ಲಿ ಸತ್ತ, ಹಿರಿಯ ಹುದ್ದೆಯಲ್ಲಿದ್ದ ಒಬ್ಬರ ಪತ್ನಿ ಮತ್ತು ಮಕ್ಕಳು ಕೋರ್ಟಿನಿಂದ ಕೋರ್ಟಿಗೆ ಹತ್ತಿ, ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ 7.64 ಕೋಟಿ ರೂಪಾಯಿ ನಿಗದಿಮಾಡಿತು. ಹತ್ತು ವರ್ಷದ ಹೋರಾಟ ಅದು. ಗಂಡನ ಸಂಬಳ ಎಷ್ಟು, ಒಪ್ಪಂದದಲ್ಲಿ ಏನಿದೆ, ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದೇ ಗೊತ್ತಿಲ್ಲದ ಮನೆಯವರು ಅಷ್ಟು ದೂರ ಹತ್ತಲಾರರು.

ಈಗ ನಿಮಿಷಕ್ಕೊಂದು ಡ್ರಾಫ್ಟ್

ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಭಾರತದ ಮನೆಗಳಿಗೆ ಬಂದ ಹಣ ಸುಮಾರು 12,900 ಕೋಟಿ ಡಾಲರ್, ಜಗತ್ತಿನಲ್ಲೇ ಅತಿ ಹೆಚ್ಚು. ಅದರಲ್ಲಿ ಕೊಲ್ಲಿಯ ಆರು ದೇಶಗಳ ಪಾಲು 2016–17ರಲ್ಲಿ ಅರ್ಧದಷ್ಟಿದ್ದದ್ದು 2023–24ಕ್ಕೆ ಶೇ 38ರ ಆಸುಪಾಸಿಗೆ ಇಳಿದಿದೆ ಎನ್ನುತ್ತದೆ ರಿಸರ್ವ್ ಬ್ಯಾಂಕಿನ ಸಮೀಕ್ಷೆ. ಕಳಿಸುವವರೂ ಬದಲಾಗಿದ್ದಾರೆ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ಹುಡುಗಿಯರು ಕುವೈತ್, ಸೌದಿಯ ಆಸ್ಪತ್ರೆಗಳಲ್ಲಿದ್ದಾರೆ. ಇಸ್ರೇಲಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕರಾವಳಿಯವರಿದ್ದಾರೆ. ಅಂಥ ಮನೆಗಳಲ್ಲಿ ಕಾಯುವವನು ಗಂಡ, ಮಗುವಿಗೆ ಊಟ ಮಾಡಿಸುವವಳು ಅಜ್ಜಿ. ಕಳಿಸುವವರು ಹೆಣ್ಣಾದರೂ ಮನೆವಾರ್ತೆ ಇನ್ನೊಬ್ಬ ಹೆಣ್ಣಿಗೇ ಬಂತು.

ಹಣ ಈಗ ಫೋನಿನಲ್ಲಿ ಕ್ಷಣದಲ್ಲಿ ಬರುತ್ತದೆ. ಕಾಯುವ ಸಂಕಟ ತಪ್ಪಿತು. ಆದರೆ ಇನ್ನೊಂದು ಸಂಗತಿ ಸದ್ದಿಲ್ಲದೆ ಆಗಿದೆ. ಶಾಲೆಯ ಫೀಸು, ಕರೆಂಟ್ ಬಿಲ್ಲು, ದಿನಸಿಯ ಬಾಕಿ ಎಲ್ಲವನ್ನೂ ಈಗ ಗಂಡ ದುಬೈಯಲ್ಲೇ ಕೂತು ನೇರವಾಗಿ ಕಟ್ಟಬಹುದು. ಸಂಜೆ ವಿಡಿಯೊ ಕಾಲ್‌ನಲ್ಲಿ 'ಆ ಐನೂರು ಯಾಕೆ?' ಎಂದೂ ಕೇಳಬಹುದು. ಮೂರು ತಿಂಗಳ ಹಣವನ್ನು ಸ್ವಂತ ತಲೆಯಿಂದ ನಡೆಸಿದ ಅತ್ತೆಯ ಮನೆಯಲ್ಲಿ ಪದವಿ ಓದಿದ ಸೊಸೆ ಒಪ್ಪಿಗೆಗೆ ಮೆಸೇಜು ಹಾಕುತ್ತಾಳೆ. ಡ್ರಾಫ್ಟ್ ತಡವಾಗುತ್ತಿದ್ದ ಕಾಲ ಹೆಂಗಸರಿಗೆ ಕಷ್ಟವನ್ನೂ ಕೊಟ್ಟಿತ್ತು, ಯಜಮಾನಿಕೆಯನ್ನೂ ಕೊಟ್ಟಿತ್ತು. ಕಷ್ಟ ಹೋದಾಗ ಯಜಮಾನಿಕೆಯೂ ಅದರ ಹಿಂದೆಯೇ ಹೋಗಬೇಕೇ?

ಸಹನೆಯ ಹೊಗಳಿಕೆ ಸಾಕು

'ನಮ್ಮ ಹೆಂಗಸರು ಗಟ್ಟಿ, ಎಲ್ಲ ಸಹಿಸಿದರು' ಎಂದು ಸಭೆಗಳಲ್ಲಿ ಶಾಲು ಹೊದೆಸುತ್ತೇವೆ. ಅದಕ್ಕೆ ಖರ್ಚಿಲ್ಲ. ಖರ್ಚಿರುವುದು ಹೆಸರು ಬರೆಯುವುದರಲ್ಲಿ. ಸಾರಾ ಅಬೂಬಕ್ಕರ್ ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಬಂದದ್ದು ಎಂಬತ್ತರ ದಶಕದಲ್ಲಿ, ಗಲ್ಫ್ ಹಣದ ಭರ ಇದ್ದ ಕಾಲದಲ್ಲೇ. ಅದರ ನಾಯಕಿ ನಾದಿರಾಳಿಗೆ ಇರುವುದು ಅಪ್ಪನ ಮನೆ ಅಥವಾ ಗಂಡನ ಮನೆ, ತನ್ನದೊಂದಿಲ್ಲ. ನಲವತ್ತು ವರ್ಷದ ಮೇಲೂ ಆ ಪ್ರಶ್ನೆಗೆ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ.

ಗಂಡನ ಎನ್‌ಆರ್‌ಇ (ಅನಿವಾಸಿ) ಖಾತೆಗೆ ಊರಿನಲ್ಲಿರುವ ಹೆಂಡತಿಯನ್ನು ಜಂಟಿ ಖಾತೆದಾರಳಾಗಿ ಸೇರಿಸಬಹುದು. ಅವನ ನಂತರ ಹಣ ಅವಳ ಕೈಗೆ ಸಿಗುತ್ತದೆ. ಬರೀ ಪವರ್ ಆಫ್ ಅಟಾರ್ನಿ ಸಾಲದು, ಕೊಟ್ಟವನು ತೀರಿಕೊಂಡ ಕ್ಷಣ ಅದರ ಬಲವೂ ಮುಗಿಯುತ್ತದೆ. ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಹಣ ಅವಳದಾಗುವುದಿಲ್ಲ, ವಾರಸುದಾರರಿಗೆ ಅವಳು ಲೆಕ್ಕ ಒಪ್ಪಿಸಬೇಕು. ವಾರಸಿನ ಪಾಲೋ, ಹಿಂದೂ ವಿಧವೆಗೆ ಮಕ್ಕಳು ಮತ್ತು ಅತ್ತೆಯ ಸಮಸಮ. ಮುಸ್ಲಿಂ ವಿಧವೆಗೆ ಮಕ್ಕಳಿದ್ದರೆ ಎಂಟನೇ ಒಂದು. ಮೊದಲ ಟಿಕೆಟ್ಟಿಗೆ ಹೋದ ಅವಳ ಬಳೆ ಈ ಯಾವ ಭಾಗಾಕಾರದಲ್ಲೂ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸದೆ ಗಲ್ಫಿಗೆ ಹೋಗುವವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ಇದೆ. ಆ ಪಾಲಿಸಿಯ ಪ್ರತಿ ಗಂಡನ ಸೂಟ್‌ಕೇಸಿನಲ್ಲಲ್ಲ, ಮನೆಯ ಕಪಾಟಿನಲ್ಲಿರಬೇಕು. ಇನ್ನು ಮನೆ. ಕರ್ನಾಟಕದಲ್ಲಿ ಗಂಡ ಹೆಂಡತಿಗೆ ಮಾಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲಲ್ಲ, ಕೆಲವೇ ಸಾವಿರದ ನಿಗದಿತ ಮೊತ್ತ. ರಜೆಯ ಮದುವೆ, ಮುಂಜಿ, ನೇಮಗಳ ನಡುವೆ ಒಂದು ಬೆಳಗ್ಗೆ ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದರಾಯಿತು.

ಕಾಟಿಪಳ್ಳದ ಬ್ಲಾಕುಗಳಲ್ಲಿ ಸಂಜೆ ನಡೆದರೆ ಒಂದು ಬದಲಾವಣೆ ಕಾಣುತ್ತದೆ. ನಂಬರುಗಳ ಈ ಊರಿನಲ್ಲಿ ಗಲ್ಫ್ ಹಣದಿಂದ ಎದ್ದ ಮನೆಗಳು ಮತ್ತೆ ಹೆಸರು ಪಡೆದಿವೆ. ಗೇಟಿನ ಪಕ್ಕದ ಕಲ್ಲಿನಲ್ಲಿ ಕೊರೆಸಿದ್ದು ತಾಯಿಯ ಹೆಸರು, ಮಗಳ ಹೆಸರು, 'ಮಾತೃಶ್ರೀ', ಯಾರದೋ ಉಮ್ಮನ ಹೆಸರಿನ ಮಂಜಿಲ್. ಕಲ್ಲಿನಲ್ಲಿ ಹೆಸರು ಬರೆಸಿದವರ ಪ್ರೀತಿ ದೊಡ್ಡದೇ. ಮಹಾನಗರ ಪಾಲಿಕೆಯ ಮನೆ ತೆರಿಗೆ ರಸೀದಿ ಕಪಾಟಿನಲ್ಲಿರುತ್ತದೆ. ಅದರಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ತೆಗೆದು ನೋಡಿ.